ಕಾಡಿಗೆ ಹಚ್ಚೋಣ, ಡಬ್ಬಿ ಓದೋಣ



ಈ ಪಾಠ ಕಾಡಿಗೆಯದು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಕಾಡಿಗಿ ಅಂತೀವಿ. ಮನೆಯಲ್ಲಿ ಮರಾಠಿ ಮಾತಾಡುವವರು ಕಾಜಳ ಅಂತಾರೆ. ಮುಸ್ಲಿಂ ಅಕ್ಕಂದಿರ ಮನೆಗಳಲ್ಲಿ ಕಾಜಲ್ ಬೇರೆ, ಸುರ್ಮಾ ಬೇರೆ. ಬಸವಕಲ್ಯಾಣದ ಸಂತೆಯಲ್ಲಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ಉರುಸಿನಲ್ಲಿ, ಬಳೆ ಅಂಗಡಿಯಲ್ಲಿ ಎಲ್ಲ ಕಡೆಯೂ ಇವು ಸಿಗುತ್ತವೆ. ನೋಡಲು ಎಲ್ಲವೂ ಕಪ್ಪು. ಆದರೆ ಎಲ್ಲ ಕಪ್ಪೂ ಒಂದೇ ಅಲ್ಲ. ಯಾವುದು ಕಣ್ಣಿಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತಿಳಿಯಲು ಈಗ ನಿಮ್ಮ ಕೈಯಲ್ಲಿ ಒಂದು ಹೊಸ ಸಾಧನ ಇದೆ. ಅದು ಓದು.

ಪಣತಿಯ ಕಾಡಿಗೆ

ಮೊದಲು ಮನೆಯ ಕಾಡಿಗೆ ನೋಡೋಣ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಹಿರಿಯ ಅವ್ವ ಒಬ್ಬರು ಹೇಳಿದ್ದು ಇದು:

“ನಮ್ಮ ಕಾಲದಾಗ ಡಬ್ಬಿ ಎಲ್ಲಿಂದ ತರಬೇಕವ್ವಾ? ಪಣತಿ ಮಸಿನೇ ನಮ್ಮ ಕಾಡಿಗಿ. ಗರಗದ ಸೊಪ್ಪು ಅರೆದು ರಸ ಹಿಂಡ್ತಿದ್ದಿವಿ. ಅದರಾಗ ಬಿಳಿ ಅರಿವಿ ನೆನಸಿ ನೆರಳಾಗ ಒಣಗಸ್ತಿದ್ದಿವಿ. ಆ ಅರಿವಿ ಹೊಸದು ಬತ್ತಿ ಮಾಡಿ, ಔಡಲ ಎಣ್ಣಿ ಹಾಕಿ ಪಣತಿ ಹಚ್ಚೋದು. ಎರಡೂ ಬಾಜು ಇಟ್ಟಂಗಿ ಇಟ್ಟು ಮ್ಯಾಲ ತಾಟು ಬೋರಲ ಹಾಕೋದು. ರಾತ್ರಿ ಪೂರಾ ಉರೀಬೇಕು. ಮುಂಜಾನೆ ತಾಟು ತಿರುವಿ ನೋಡಿದ್ರ ಮಖಮಲ್ಲಿನಂಗ ಮಸಿ!”

ಆ ಮಸಿಯನ್ನು ಮೆಲ್ಲಗೆ ಕೆರೆದು ತೆಗೆಯುತ್ತಿದ್ದರು. ಎರಡು ಹನಿ ತುಪ್ಪ ಇಲ್ಲವೆ ಔಡಲ ಎಣ್ಣೆ ಹಾಕಿ ಬೆರಳಿನಿಂದ ತಿಕ್ಕಿ ಡಬ್ಬಿ ತುಂಬುತ್ತಿದ್ದರು. ಔಡಲ ಎಣ್ಣೆಗೆ ಬೇರೆ ಜಿಲ್ಲೆಗಳಲ್ಲಿ ಹರಳೆಣ್ಣೆ ಅಂತಾರೆ. ಗರಗದ ಸೊಪ್ಪಿಗೆ ಕಾಡಿಗ್ಗರಗ ಎಂಬ ಹೆಸರೂ ಇದೆ. ಹೆಸರಿನಲ್ಲೇ ಕಾಡಿಗೆ ಇದೆ, ನೋಡಿ. ಕೆಲವರು ನಂದಿಬಟ್ಟಲ ಹೂವಿನ ರಸದಲ್ಲೂ ಬಟ್ಟೆ ನೆನಸುತ್ತಿದ್ದರು.

ತಾಟಿಗೆ ಹಿಡಿದ ಆ ಮಸಿ ಏನು? ಎಣ್ಣೆ ಪೂರ್ತಿ ಉರಿಯಲು ಗಾಳಿ ಸಾಲದಾದಾಗ ಉಳಿಯುವ ಇಂಗಾಲ. ಇದ್ದಿಲು ಕೂಡ ಹೆಚ್ಚಾಗಿ ಅದೇ. ಬೋರಲು ಹಾಕಿದ ತಾಟು ಉರಿಗೆ ಗಾಳಿ ಕಡಿಮೆ ಮಾಡುತ್ತದೆ. ಅದಕ್ಕೇ ಮಸಿ ಚೆನ್ನಾಗಿ ಹಿಡಿಯುತ್ತದೆ. ಶಾಲೆಗೆ ಹೋಗದ ನಮ್ಮ ಅಜ್ಜಿಯರಿಗೆ ಈ ಲೆಕ್ಕ ಕೈಯಲ್ಲೇ ಗೊತ್ತಿತ್ತು.

ಇದೇ ಮಸಿಗೆ ಇನ್ನೊಂದು ಕೆಲಸವೂ ಇತ್ತು. ಕಾಗದ ಸಿಗದ ಕಾಲದಲ್ಲಿ ತಾಳೆಗರಿಯ ಮೇಲೆ ಬರೆಯುತ್ತಿದ್ದರು. ಕಂಠ ಎಂಬ ಚೂಪು ಕಬ್ಬಿಣದ ಲೇಖನಿಯಿಂದ ಗರಿಯ ಮೇಲೆ ಅಕ್ಷರ ಕೊರೆಯುತ್ತಿದ್ದರು. ಕೊರೆದ ಅಕ್ಷರ ಕಣ್ಣಿಗೆ ಕಾಣುತ್ತಿರಲಿಲ್ಲ. ಮೇಲೆ ದೀಪದ ಮಸಿ ತಿಕ್ಕಿ ಒರೆಸಿದರೆ ಗೆರೆಗಳಲ್ಲಿ ಕಪ್ಪು ಕೂತು ಅಕ್ಷರ ಎದ್ದು ಕಾಣುತ್ತಿತ್ತು. ಬಸವಣ್ಣನವರ, ಅಕ್ಕಮಹಾದೇವಿಯ, ಇತರ ಶರಣ ಶರಣೆಯರ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ನೂರಾರು ವರ್ಷ ಉಳಿದವು. ಫ.ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಎಂಬ ಪುಸ್ತಕವಾಗಿ ಅಚ್ಚು ಹಾಕಿಸಿದರು. ಕಣ್ಣಿಗೆ ಹಚ್ಚಿದ ಮಸಿಯೇ ಅಕ್ಷರಕ್ಕೂ ಕಣ್ಣು ಕೊಟ್ಟಿತ್ತು.

ಜಲಸಂಗ್ವಿಯ ಹೆಣ್ಣುಮಗಳು

ಹುಮನಾಬಾದ ತಾಲ್ಲೂಕಿನಲ್ಲಿ ಜಲಸಂಗ್ವಿ ಎಂಬ ಊರಿದೆ. ಅಲ್ಲಿ ಚಾಲುಕ್ಯರ ಕಾಲದ ಶಿವನ ಗುಡಿ ಇದೆ. ಗುಡಿಯ ಹೊರಗೋಡೆಯ ಮೇಲೆ ಕಲ್ಲಿನ ಹೆಣ್ಣುಮಕ್ಕಳು ನಿಂತಿದ್ದಾರೆ. ಮೈತುಂಬ ಒಡವೆ, ಕಿವಿಯ ಕಡೆಗೆ ಚಾಚಿದ ಉದ್ದ ಕಣ್ಣು. ಅವರಲ್ಲಿ ಒಬ್ಬಳನ್ನು ಎಲ್ಲರೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅವಳು ಬರೆಯುತ್ತಿದ್ದಾಳೆ! ಅವಳ ಕೈಯ ಬಳಿ ಅಕ್ಷರಗಳು ಈಗಲೂ ಕಾಣುತ್ತವೆ. ಅದು ಆರನೆಯ ವಿಕ್ರಮಾದಿತ್ಯ ರಾಜನನ್ನು ಹೊಗಳುವ ಸಂಸ್ಕೃತ ಬರಹ. ಆ ರಾಜ 1076ರಿಂದ 1126ರ ವರೆಗೆ ಆಳಿದ. ಅವನ ರಾಜಧಾನಿ ಕಲ್ಯಾಣ. ಅಂದರೆ ಇವತ್ತಿನ ಬಸವಕಲ್ಯಾಣ.

ಅವನ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. ರಾಜ ಹೇಗೆ ಸ್ನಾನ ಮಾಡಬೇಕು, ಮೈಗೆ ಏನು ಪೂಸಿಕೊಳ್ಳಬೇಕು, ಯಾವ ಬಟ್ಟೆ, ಯಾವ ಒಡವೆ ಎಂದು ಅದರಲ್ಲಿ ಬರೆದಿದೆ. ರಾಜನ ಸಿಂಗಾರ ಪುಸ್ತಕಕ್ಕೆ ಬಂತು. ನಮ್ಮ ಅವ್ವನ ಕಾಡಿಗೆ ಪುಸ್ತಕಕ್ಕೆ ಬರಲಿಲ್ಲ. ಈಗ ನಿಮಗೆ ಬರೆಯಲು ಬರುತ್ತದೆ. ನಿಮ್ಮ ಮನೆಯಲ್ಲಿ ಕಾಡಿಗೆ ಹೇಗೆ ಮಾಡುತ್ತಿದ್ದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಗೆರೆ ಬದಲಾದದ್ದು

ಕಣ್ಣಿಗೆ ಕಪ್ಪು ಹಚ್ಚುವುದು ನಮ್ಮ ದೇಶದಲ್ಲಿ ಮಾತ್ರ ಇಲ್ಲ. ಈಜಿಪ್ಟ್ ದೇಶದಲ್ಲಿ ನಾಲ್ಕೈದು ಸಾವಿರ ವರ್ಷಗಳ ಹಿಂದೆಯೇ ಗಂಡಸರು, ಹೆಂಗಸರು ಇಬ್ಬರೂ ಹಚ್ಚುತ್ತಿದ್ದರು. ಅಲ್ಲಿಯ ರಾಣಿ ನೆಫರ್ಟಿಟಿಯ ತಲೆಯ ಶಿಲ್ಪ 1912ರಲ್ಲಿ ಮಣ್ಣಿನಡಿ ಸಿಕ್ಕಿತು. ಅದಕ್ಕೆ ಸುಮಾರು 3300 ವರ್ಷ ವಯಸ್ಸು. ಕಣ್ಣಿನ ಸುತ್ತ ಬರೆದ ಕಪ್ಪು ಗೆರೆ ಇನ್ನೂ ಅಳಿಸಿಲ್ಲ.

ನಮ್ಮ ಅಜ್ಜಿಯರ ಕಾಲದಲ್ಲಿ ಬೆರಳೇ ಕಡ್ಡಿ. ಕೆಳರೆಪ್ಪೆಯ ಮೇಲೆ ಬೆರಳು ಎಳೆದರೆ ಮುಗಿಯಿತು. ಆಮೇಲೆ ಸಣ್ಣ ದುಂಡು ಡಬ್ಬಿಗಳ ಕಾಡಿಗೆ ಅಂಗಡಿಗೆ ಬಂತು. 1952ರಲ್ಲಿ ಟಾಟಾ ಮನೆತನದವರು ಲ್ಯಾಕ್ಮೆ ಎಂಬ ಕಂಪನಿ ತೆರೆದರು. ಪೇಟೆಯ ಹೆಣ್ಣುಮಕ್ಕಳಿಗೆ ಪರದೇಶದ ಸಾಮಾನು ಬಿಟ್ಟು ನಮ್ಮ ದೇಶದ್ದು ಸಿಗತೊಡಗಿತು.

1960ರ ದಶಕ ಅಂದರೆ ದಪ್ಪ ಗೆರೆಯ ಕಾಲ. ಮೇಲಿನ ರೆಪ್ಪೆಗೂ ಗೆರೆ ಬಂತು. ಕಣ್ಣಿನ ಹೊರಮೂಲೆಯಿಂದ ಅದು ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ಏರಿತು. ಹಿಂದಿಯ ಸಾಧನಾ, ಶರ್ಮಿಳಾ ಟ್ಯಾಗೋರ್, ನಮ್ಮ ಕನ್ನಡದ ಕಲ್ಪನಾ, ಜಯಂತಿ, ಭಾರತಿ ಇವರ ಕಣ್ಣು ನೆನಪು ಮಾಡಿಕೊಳ್ಳಿ. 1967ರ ‘ಬೆಳ್ಳಿ ಮೋಡ’ದಂಥ ಚಿತ್ರಗಳಲ್ಲಿ ಬಣ್ಣ ಇರಲಿಲ್ಲ. ಬರೀ ಕಪ್ಪು ಬಿಳುಪು. ಟೆಂಟಿನಲ್ಲಿ ಹಿಂದೆ ಕುಳಿತವರಿಗೂ ನಟಿಯ ಕಣ್ಣು ಕಾಣಬೇಕು. ಆ ದಪ್ಪ ಗೆರೆ ಅದಕ್ಕೂ ಬೇಕಿತ್ತು. ಪರದೆಯ ಮೇಲೆ ನೋಡಿ ಮದುವೆ ಮನೆಯ ಹುಡುಗಿಯರೂ ರೆಕ್ಕೆ ಎಳೆದರು. ಹಿರಿಯರು ಬೈದರು. ಬೈದವರೇ ಫೋಟೋ ತೆಗೆಸುವಾಗ ಕನ್ನಡಿ ಕೇಳಿದರು!

ಆಮೇಲೆ ಗೆರೆ ಮತ್ತೆ ಸಣ್ಣದಾಯಿತು. ಪೆನ್ಸಿಲ್ ಬಂತು, ಕುಂಚದ ಸೀಸೆ ಬಂತು, ತಿರುವಿದರೆ ಹೊರಬರುವ ಕಡ್ಡಿ ಬಂತು. ಈಗ ಹುಡುಗಿಯರು ಮೊಬೈಲ್ ನೋಡಿ ಕಲಿಯುತ್ತಾರೆ. ರೆಪ್ಪೆಯ ಮೇಲೆಲ್ಲ ಹೊಗೆಯಂತೆ ಸವರುವವರಿದ್ದಾರೆ. ನೀಲಿ, ಹಸಿರು ಹಚ್ಚುವವರಿದ್ದಾರೆ. ಮತ್ತೆ ಆ ಹಳೆಯ ರೆಕ್ಕೆಯೂ ಬಂದಿದೆ. ಸೊಸೆ ಹೊಸದು ಅಂದುಕೊಂಡದ್ದನ್ನು ಅತ್ತೆ ಆಗಲೇ ಹಚ್ಚಿ ಬಿಟ್ಟಿರುತ್ತಾಳೆ.

ಇಲ್ಲಿ ಒಂದು ಮಾತು ಹೇಳಬೇಕು. ಗಂಡ ತೀರಿದ ಹೆಣ್ಣುಮಗಳು ಕಾಡಿಗೆ ಹಚ್ಚಬಾರದು ಎಂದು ಕೆಲವು ಮನೆಗಳಲ್ಲಿ ಹೇಳುತ್ತಾರೆ. ಅವಳು ಮದುವೆಗೆ ಮೊದಲೂ ಹಚ್ಚಿದ್ದಳು. ಕೂಸಾಗಿದ್ದಾಗಲೂ ಅವಳ ಅವ್ವ ಹಚ್ಚಿದ್ದಳು. ಗಂಡನ ಜತೆ ಬಾರದೆ ಇದ್ದದ್ದು ಗಂಡನ ಜತೆ ಏಕೆ ಹೋಗಬೇಕು? ಹಚ್ಚುವುದು ಬಿಡುವುದು ಅವಳ ಮನಸ್ಸು. ಶರಣೆಯರು ನಡೆದಾಡಿದ ಕಲ್ಯಾಣದ ನೆಲದಲ್ಲಿ ನಿಂತು ಇಷ್ಟು ಹೇಳಲು ಹೆದರಬೇಕಿಲ್ಲ.

ಸುರ್ಮಾದಲ್ಲಿ ಏನಿದೆ?

ಸುರ್ಮಾ ಮಸಿಯಿಂದ ಆಗುವುದಿಲ್ಲ. ಅದು ಕಲ್ಲಿನ ಪುಡಿ. ಹಬ್ಬದ ನಮಾಜಿಗೆ ಹೋಗುವ ಮುಂಚೆ ಗಂಡಸರೂ ಹಚ್ಚಿಕೊಳ್ಳುತ್ತಾರೆ. ಸುರ್ಮಾದಾನಿ, ಅದರೊಳಗೆ ನುಣುಪಾದ ಸಲಾಯಿ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಬಂದಿರುತ್ತವೆ. ಆ ರೂಢಿಯ ಮೇಲೆ ನಮಗೆ ಗೌರವ ಇದೆ. ತಕರಾರು ಇರುವುದು ಕಲ್ಲಿನ ಮೇಲೆ.

ಸುರ್ಮಾ ಎಂದು ಮಾರುವ ಹೊಳೆಯುವ ಕಲ್ಲು ಬಹಳ ಸಲ ಸೀಸದ ಅದಿರು ಆಗಿರುತ್ತದೆ. ಸೀಸ ಅಂದರೆ ಹಳೆಯ ಬ್ಯಾಟರಿಯಲ್ಲಿ ಇರುವ ಭಾರದ ಲೋಹ. ಈಜಿಪ್ಟಿನವರು ಹಚ್ಚುತ್ತಿದ್ದ ಕಪ್ಪಿನಲ್ಲೂ ಇದೇ ಅದಿರು ಇತ್ತು. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ, ಹೆಸರಿಲ್ಲದ ಕಾಡಿಗೆಯಲ್ಲೂ ಸೀಸ ಇರಬಹುದು. ಕಣ್ಣಿನಿಂದ ನೋಡಿದರೆ, ಮೂಸಿದರೆ, ಬೆರಳಿಂದ ತಿಕ್ಕಿದರೆ ಗೊತ್ತಾಗುವುದಿಲ್ಲ. ಅಮೆರಿಕ ದೇಶದಲ್ಲಿ ಇಂಥ ಕಪ್ಪನ್ನು ಮಾರಲು ಸರಕಾರ ಬಿಡುವುದಿಲ್ಲ. ಅಲ್ಲಿಗೆ ಹೋದ ಕುಟುಂಬಗಳ ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಾಗ, ವೈದ್ಯರು ಹುಡುಕುತ್ತಾ ಹೋಗಿ ಊರಿನಿಂದ ತಂದ ಕಾಡಿಗೆ ಡಬ್ಬಿಗೆ ಬಂದು ನಿಂತದ್ದುಂಟು.

ಸೀಸ ಮೈಯೊಳಗೆ ಹೋದರೆ ಏನಾಗುತ್ತದೆ? ದೊಡ್ಡವರಿಗೂ ಕೆಟ್ಟದ್ದೇ. ಬಸುರಿಯ ರಕ್ತದಲ್ಲಿ ಸೀಸ ಇದ್ದರೆ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಸಣ್ಣ ಮಕ್ಕಳಿಗಂತೂ ಬಹಳ ಕೆಟ್ಟದ್ದು. ಒಂದೇ ಅಳತೆಯ ಸೀಸ ಬಾಯಿಗೆ ಹೋದರೆ ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಮಗು ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ. ಜ್ವರ ಬರುವುದಿಲ್ಲ, ಗುಳ್ಳೆ ಏಳುವುದಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎಂಬ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕೂಸಿನ ಕಣ್ಣು

ಈಗ ಬಾಣಂತಿ ಕೋಣೆಗೆ ಬರೋಣ. ಕೇಂದ್ರದಲ್ಲಿ ಹೆಚ್ಚು ಜಗಳ ಆದದ್ದು ಈ ವಿಷಯಕ್ಕೇ.

“ಕಾಡಿಗಿ ಹಚ್ಚಲಿಲ್ಲಂದ್ರ ಕೂಸಿನ ಕಣ್ಣು ಸಣ್ಣವು ಉಳೀತಾವ” ಅಂದರು ಒಬ್ಬ ಅತ್ತೆ.

“ಆಶಾ ಅಕ್ಕ ಬ್ಯಾಡ ಅಂತಾಳ” ಅಂದಳು ಸೊಸೆ.

“ಆಕಿ ನಿನ್ನೆ ಮೊನ್ನೆ ಬಂದಾಕಿ. ನಾ ಐದು ಹಡದೀನಿ.”

ಅತ್ತೆಯ ಅನುಭವ ದೊಡ್ಡದು. ಆದರೆ ಈ ಮಾತು ಸರಿಯಲ್ಲ. ಹುಟ್ಟಿದ ಕೂಸಿನ ಕಣ್ಣಿನ ಗುಡ್ಡೆ ಸುಮಾರು 17 ಮಿಲಿಮೀಟರ್ ಇರುತ್ತದೆ. ದೊಡ್ಡವರದು ಸುಮಾರು 24. ಹೆಚ್ಚಿನ ಬೆಳವಣಿಗೆ ಮೊದಲ ಎರಡು ವರ್ಷಗಳಲ್ಲೇ ಆಗುತ್ತದೆ. ಕಾಡಿಗೆ ಹಚ್ಚಿದರೂ ಬೆಳೆಯುತ್ತದೆ, ಹಚ್ಚದಿದ್ದರೂ ಬೆಳೆಯುತ್ತದೆ. ಹಚ್ಚಿದ ವರ್ಷವೇ ಕಣ್ಣು ಬೆಳೆಯುವುದರಿಂದ ಕಾಡಿಗೆಗೆ ಪುಕ್ಕಟೆ ಹೆಸರು ಬಂತು.

ಇನ್ನೊಂದು ನೋಡಿ. ಕಾಡಿಗೆ ಹಚ್ಚಿದ ಮರುದಿನ ಮೂಗು ಸೀನಿದರೆ ಕೆಲವು ಸಲ ಕಪ್ಪು ಬರುತ್ತದೆ. ಏಕೆ? ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಣ್ಣ ಕೊಳವೆ ಇದೆ. ಕಣ್ಣೀರು ಅದರಲ್ಲಿ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದೂ ಅದಕ್ಕೇ. ಕೂಸಿಗೆ ಈ ದಾರಿ ಬಹಳ ಸಣ್ಣದು. ಕೆಲವು ಕೂಸುಗಳಿಗೆ ಹುಟ್ಟಿದಾಗ ಪೂರ್ತಿ ತೆರೆದೂ ಇರುವುದಿಲ್ಲ. ಅಲ್ಲಿ ಎಣ್ಣೆ ಮಸಿ ತುಂಬಿದರೆ ಕಣ್ಣಿಗೆ ಪಿಚ್ಚು ಬರುತ್ತದೆ. ಹಚ್ಚುವ ಬೆರಳು ಒಲೆಯ ಮುಂದಿನ ಬೆರಳು. ಉಗುರಿನ ಸಂದಿಯ ಕೊಳೆ ನೇರ ಕೂಸಿನ ಕಣ್ಣಿಗೆ. ಕೂಸು ಕಣ್ಣು ಉಜ್ಜುತ್ತದೆ, ಅದೇ ಕೈ ಬಾಯಿಗೆ ಇಡುತ್ತದೆ. ಡಬ್ಬಿಯಲ್ಲಿ ಸೀಸ ಇದ್ದರೆ ಅದು ಒಳಗೆ ಹೋಗುವ ದಾರಿ ಇದೇ.

ಮನೆಯಲ್ಲಿ ಮಾಡಿದ ಕಾಡಿಗೆಯಲ್ಲಿ ಸೀಸದ ಕಲ್ಲು ಇಲ್ಲ, ಸರಿ. ಆದರೂ ಕೂಸಿನ ಕಣ್ಣಿಗೆ ಬೇಡ. ಅದರಲ್ಲಿ ಕರ್ಪೂರ ಹಾಕಿದ್ದರಂತೂ ಬೇಡವೇ ಬೇಡ. ಕರ್ಪೂರ ಕೂಸಿನ ಬಾಯಿಗೆ ಹೋದರೆ ಫಿಟ್ಸ್ ಬರಬಹುದು. “ತಂಪಾಗಿ ನೀರು ಬಂತು, ಕಣ್ಣು ತೊಳೀತು” ಅಂತಾರಲ್ಲ, ಅದು ತೊಳೆದದ್ದಲ್ಲ. ಕಣ್ಣು ಉರಿದು ಅತ್ತದ್ದು.

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾರೆ. ಕಣ್ಣಿಗೆ ಏನೂ ಹಾಕಬೇಡಿ ಎಂದು ಅವರು ಹೇಳುವುದು ತರಬೇತಿಯಲ್ಲಿ ಕಲಿತ ಮಾತು. ಕೂಸಿನ ಕಣ್ಣು ಕೆಂಪಾಗಿ ಊದಿದರೆ, ಕೀವು ಬಂದರೆ ಮನೆ ಔಷಧ ಮಾಡದೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

“ಹಂಗಾದ್ರ ದೃಷ್ಟಿ?” ಎಂದು ಅತ್ತೆ ಕೇಳಿದರು. ಮನಸ್ಸಿಗೆ ಸಮಾಧಾನ ಆಗದಿದ್ದರೆ, ಅಂಗಾಲಿಗೆ ಮನೆಯ ಮಸಿಯ ಒಂದು ಚಿಕ್ಕೆ ಇಡಲಿ. ಕಾಲುಚೀಲ ಹಾಕಿದರೆ ಕೂಸಿನ ಕೈಗೆ ಬಾಯಿಗೆ ಸಿಗುವುದಿಲ್ಲ. ಈ ರಾಜಿಗೆ ಅತ್ತೆಯೂ ಒಪ್ಪಿದರು, ಸೊಸೆಯೂ ಒಪ್ಪಿದಳು.

ನಾವು ಹೇಗೆ ಹಚ್ಚಬೇಕು?

ದೊಡ್ಡವರು ಹಚ್ಚಿಕೊಳ್ಳಬಹುದು. ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಬೆಳಕಿನಲ್ಲಿ ಕನ್ನಡಿ ಇಟ್ಟುಕೊಳ್ಳಿ. ಕೆಳರೆಪ್ಪೆಯನ್ನು ಬೆರಳಿನಿಂದ ತುಸು ಕೆಳಗೆ ಎಳೆಯಿರಿ. ಕೂದಲಿನ ಒಳಗಡೆ, ಒದ್ದೆ ಅಂಚಿನ ಮೇಲೆ ಹಚ್ಚಬೇಡಿ. ಕೂದಲಿನ ಬುಡಕ್ಕೆ, ಹೊರಗಡೆ ಹಚ್ಚಿ. ಆ ಒದ್ದೆ ಅಂಚಿನಲ್ಲಿ ಎಣ್ಣೆ ಒಸರುವ ಸಣ್ಣ ತೂತುಗಳ ಸಾಲು ಇದೆ. ಅವು ಮುಚ್ಚಿದರೆ ಕಣ್ಣು ಒಣಗಿ ಉರಿಯುತ್ತದೆ, ಕುರು ಏಳುತ್ತದೆ.

ಮೇಲೆ ಗೆರೆ ಬೇಕಾದರೆ ಮೊಣಕೈಯನ್ನು ಮೇಜಿಗೆ ಊರಿಕೊಳ್ಳಿ. ಒಮ್ಮೆಗೇ ಎಳೆಯಬೇಡಿ. ನಾಲ್ಕೈದು ಚುಕ್ಕೆ ಇಟ್ಟು ಅವನ್ನು ಕೂಡಿಸಿ. ರಂಗೋಲಿಯಲ್ಲಿ ಮಾಡುತ್ತೀರಲ್ಲ, ಹಾಗೆ. ಅಕ್ಷರ ಕಲಿಯುವಾಗ ಚುಕ್ಕೆಗಳ ಮೇಲೆ ತಿದ್ದಿದ್ದೂ ಹೀಗೆಯೇ. ರೆಕ್ಕೆ ಬೇಕಾದರೆ ಹೊರಮೂಲೆಯಲ್ಲಿ ಹುಬ್ಬಿನ ತುದಿಯ ಕಡೆಗೆ ಒಂದು ಸಣ್ಣ ಓರೆ ಗೆರೆ ಸಾಕು. ರಾತ್ರಿ ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಸವರಿದ ಶುದ್ಧ ಹತ್ತಿಯಿಂದ ಒರೆಸಿ, ಮುಖ ತೊಳೆಯಿರಿ.

ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಬೇಡ. ಒಂದೇ ಸಲಾಯಿ ಮನೆಮಂದಿಯ ಕಣ್ಣಿಗೆಲ್ಲ ಸುತ್ತಿದರೆ ಕಣ್ಣುಬೇನೆಯೂ ಸುತ್ತುತ್ತದೆ. ಹಿಂದೆ ಟ್ರಕೋಮಾ ಎಂಬ ಕಣ್ಣಿನ ರೋಗ ಬೆರಳು, ಬಟ್ಟೆ, ನೊಣಗಳಿಂದ ಹರಡಿ ಎಷ್ಟೋ ಜನರನ್ನು ಕುರುಡು ಮಾಡಿತ್ತು. ಭಾರತ ಅದನ್ನು ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಾರಿತು. ಬೇರೆ ಕಣ್ಣುಬೇನೆಗಳು ಇನ್ನೂ ಇವೆ. ಕಣ್ಣು ಕೆಂಪಾದಾಗ ಹಚ್ಚಬೇಡಿ. ಬೇನೆ ಬಂದಾಗ ಹಚ್ಚಿದ್ದ ಡಬ್ಬಿಯನ್ನು ಎಸೆಯಿರಿ. ದುಡ್ಡು ಕೊಟ್ಟದ್ದು ಎಂದು ಇಟ್ಟುಕೊಳ್ಳಬೇಡಿ.

ಕಾಡಿಗೆ ಹಚ್ಚಿದರೆ ಕಣ್ಣು ಚುರುಕಾಗುತ್ತವೆಯೇ? ಇಲ್ಲ. ಕೇಂದ್ರಕ್ಕೆ ಬರುವ ನಲವತ್ತು ದಾಟಿದವರು ಪುಸ್ತಕವನ್ನು ದೂರ ಹಿಡಿಯುತ್ತಾರೆ. “ನನ್ನ ತಲಿ ಮಂದ, ಅಕ್ಷರ ಹತ್ತಲ್ಲ” ಅಂತಾರೆ. ತಲೆ ಮಂದ ಅಲ್ಲ. ಅದು ಚಾಳೀಸು. ಚಾಳೀಸ್ ಅಂದರೆ ನಲವತ್ತು ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆ ವಯಸ್ಸಿಗೆ ಹತ್ತಿರದ್ದು ಮಸುಕಾಗುತ್ತದೆ. ಅದಕ್ಕೆ ಕಾಡಿಗೆ ಅಲ್ಲ, ಕನ್ನಡಕ ಬೇಕು. ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಆಮೇಲೆ ಈ ಪಾಠವನ್ನು ಇನ್ನೊಮ್ಮೆ ಓದಿ ನೋಡಿ.

ಡಬ್ಬಿ ಓದುವುದು

ಬಣ್ಣಕ್ಕಾಗಿ ಸೀಸ ಬೆರೆಸಿದ ಸೌಂದರ್ಯ ಸಾಮಾನು ಮಾಡಿ ಮಾರುವುದನ್ನು ನಮ್ಮ ದೇಶದ ಕಾನೂನು ಬಿಡುವುದಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಕೆಲವು ಸಂಗತಿ ಬರೆದಿರಲೇಬೇಕು. ಮಾಡಿದವರ ಹೆಸರು ಮತ್ತು ವಿಳಾಸ. ಲೈಸೆನ್ಸ್ ನಂಬರು. ಬ್ಯಾಚ್ ನಂಬರು. ಏನೇನು ಹಾಕಿದ್ದಾರೆ ಎಂಬ ಪಟ್ಟಿ. ಯಾವ ತಿಂಗಳ ಒಳಗೆ ಬಳಸಬೇಕು ಎಂಬುದು. ಡಬ್ಬಿ ಬಹಳ ಸಣ್ಣದಿದ್ದರೆ ಹೊರಗಿನ ಕಾಗದದ ಪೆಟ್ಟಿಗೆಯನ್ನೂ ನೋಡಿ. ಪೆಟ್ಟಿಗೆ ಇಲ್ಲದೆ ಕೊಟ್ಟರೆ ಕೇಳಿ ಇಸಿದುಕೊಳ್ಳಿ. ಬರಹ ಇಂಗ್ಲಿಷಿನಲ್ಲಿ ಇದ್ದರೂ ಅಂಕಿ ನಿಮಗೆ ಬರುತ್ತದೆ. ಉಳಿದದ್ದನ್ನು ಶಾಲೆಗೆ ಹೋಗುವ ಮಗಳಿಗೆ ಕೊಟ್ಟು ಓದಿಸಿ. ಹೆಸರು, ವಿಳಾಸ, ನಂಬರು ಏನೂ ಇಲ್ಲದ ಪುಡಿಯನ್ನು ಎಷ್ಟೇ ಅಗ್ಗವಾದರೂ ತರಬೇಡಿ. ಇದ್ದರೆ ಎಲ್ಲವೂ ಸರಿ ಎಂದಲ್ಲ. ಆದರೆ ತಪ್ಪು ಆದರೆ ಯಾರನ್ನು ಕೇಳಬೇಕು ಎಂದು ಗೊತ್ತಿರುತ್ತದೆ.

ಒಮ್ಮೆ ತೆರೆದ ಡಬ್ಬಿಯನ್ನು ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಇಡಬೇಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ತೆರೆದ ದಿನ ಡಬ್ಬಿಯ ತಳಕ್ಕೆ ಚೀಟಿ ಅಂಟಿಸಿ. ಅದರ ಮೇಲೆ ತಾರೀಖನ್ನು ನಿಮ್ಮ ಕೈಯಿಂದಲೇ ಬರೆಯಿರಿ.

ಈಗ ಈ ಲೆಕ್ಕ ಮಾಡಿ. ಒಂದು ಕಾಡಿಗೆ ಪೆಟ್ಟಿಗೆಯ ಮೇಲೆ ಹೀಗಿದೆ: “ತಯಾರಿಸಿದ್ದು 03/2024. ತಯಾರಿಸಿದ 24 ತಿಂಗಳೊಳಗೆ ಬಳಸಿ.” ಅಂಗಡಿಯವನು ಅದನ್ನು 2026ರ ಗೌರಿ ಹುಣ್ಣಿಮೆಗೆ ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಾನೆ. ನೀವು ಅವನಿಗೆ ಏನು ಹೇಳುತ್ತೀರಿ? ಎರಡು ಸಾಲಿನಲ್ಲಿ ಬರೆಯಿರಿ.